ಕೀಲಿ ಕೊಡುವುದು ಸುಲಭ, ಹಿಂದಕ್ಕೆ ಪಡೆಯುವುದು ಕಷ್ಟ

ಸರಳ ಲೋಲಕದ ಪ್ರಯೋಗ ನಿಮಗೆಲ್ಲ ಗೊತ್ತು. ಹೊಸಪೇಟೆಯಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ ಸೆಕೆಂಡಿನ ವರ್ಗಕ್ಕೆ ಸುಮಾರು 9.78 ಮೀಟರ್ ಬರಬೇಕು. ಒಂದು ವಾರ ನಮ್ಮ ಪ್ರಯೋಗಶಾಲೆಯಲ್ಲಿ ಇಡೀ ತಂಡಕ್ಕೆ 9.59ರ ಆಸುಪಾಸಿನ ಬೆಲೆಯೇ ಬಂತು. ವಿದ್ಯಾರ್ಥಿಗಳು ಆಂದೋಲನಗಳನ್ನು ಸರಿಯಾಗಿ ಎಣಿಸಿಲ್ಲ ಎಂದು ನಾನು ಗದರಿಸಿದೆ, ಮತ್ತೆ ಮಾಡಿಸಿದೆ. ಮತ್ತೆ ಅದೇ ಬೆಲೆ.

ತಪ್ಪು ವಿದ್ಯಾರ್ಥಿಗಳದಾಗಿರಲಿಲ್ಲ, ಲೆಕ್ಕ ಮಾಡುವ ತಂತ್ರಾಂಶದ್ದಾಗಿತ್ತು. ಅದು 50 ಸೆಂಟಿಮೀಟರ್ ದಾರದ ಉದ್ದಕ್ಕೆ ಗುಂಡಿನ ತ್ರಿಜ್ಯವಾದ 1 ಸೆಂಟಿಮೀಟರನ್ನು ಕೂಡಿಸುತ್ತಲೇ ಇರಲಿಲ್ಲ. ಈ ದೋಷವನ್ನು ನಾವು ಹಿಂದೆಯೇ ತಿದ್ದಿದ್ದೆವು. ಹಾಗಾದರೆ ಹಳೆಯ ಆವೃತ್ತಿ ಮರಳಿ ಬಂದದ್ದು ಹೇಗೆ? ಎರಡು ವರ್ಷಗಳ ಹಿಂದೆ ತೇರ್ಗಡೆಯಾಗಿ ಹೋದ ನಮ್ಮ ವಿದ್ಯಾರ್ಥಿಯೊಬ್ಬ, ಮೂಲೆ ಸೇರಿದ್ದ ತನ್ನ ಗಣಕವನ್ನು ಕಂಪ್ಲಿಯ ಮನೆಯಲ್ಲಿ ಒಂದು ಭಾನುವಾರ ಚಾಲೂ ಮಾಡಿದ. ಯೋಜನಾ ಕಾರ್ಯಕ್ಕೆಂದು ಅದರಲ್ಲಿ ಬರೆದಿಟ್ಟಿದ್ದ ಸ್ವಯಂಚಾಲಿತ ಕಾರ್ಯಕ್ರಮ ತಾನಾಗಿ ಎದ್ದು, ಹಳೆಯ ಆವೃತ್ತಿಯನ್ನು ನಮ್ಮ ಭಂಡಾರಕ್ಕೆ ಕಳಿಸಿತು. ಅವನು ಕಾಲೇಜು ಬಿಟ್ಟಿದ್ದ. ಅವನ ಕೀಲಿ ಬಿಟ್ಟಿರಲಿಲ್ಲ.

ಇಮೇಜ್ ಮತ್ತು ಅದರ ಭಂಡಾರ

ಒಂದು ತಂತ್ರಾಂಶ ಓಡಲು ಅದರ ಜೊತೆಗೆ ಹಲವು ಸಹಾಯಕ ಕಡತಗಳೂ ಹೊಂದಾಣಿಕೆಗಳೂ ಬೇಕು. ಇವನ್ನೆಲ್ಲ ಒಟ್ಟಿಗೆ ಕಟ್ಟಿದ ಮೂಟೆಯೇ ಕಂಟೇನರ್ ಇಮೇಜ್. 2013ರಲ್ಲಿ ಡಾಕರ್ ಎಂಬ ಸಾಧನ ಬಂದ ಮೇಲೆ ಈ ಪದ್ಧತಿ ವ್ಯಾಪಕವಾಯಿತು. ಇದಕ್ಕೆ ಸಾಮಾನ್ಯ ಮಾನಕಗಳನ್ನು ರೂಪಿಸಲು 2015ರಲ್ಲಿ ಓಪನ್ ಕಂಟೇನರ್ ಇನಿಶಿಯೇಟಿವ್ ಆರಂಭವಾಯಿತು. ಇಮೇಜ್‌ಗಳನ್ನು ಕೂಡಿಟ್ಟು, ಕೇಳಿದವರಿಗೆ ಒದಗಿಸುವ ಭಂಡಾರಕ್ಕೆ ರಿಜಿಸ್ಟ್ರಿ ಎಂದು ಹೆಸರು. ಡಾಕರ್ ಹಬ್ ಸಾರ್ವಜನಿಕ ಭಂಡಾರ. ಹಾರ್ಬರ್ ಎಂಬುದು ಯಾರು ಬೇಕಾದರೂ ತಮ್ಮ ಗಣಕದಲ್ಲಿ ಸ್ಥಾಪಿಸಿಕೊಳ್ಳಬಹುದಾದ ಮುಕ್ತ ತಂತ್ರಾಂಶ.

ಭಂಡಾರದಲ್ಲಿ ಪ್ರತಿ ಇಮೇಜ್‌ಗೆ ಎರಡು ಬಗೆಯ ಗುರುತುಗಳಿರುತ್ತವೆ. ಒಂದು, ‘ಇತ್ತೀಚಿನದು’ ಎಂಬಂಥ ಚೀಟಿ, ಅಂದರೆ ಟ್ಯಾಗ್. ಇನ್ನೊಂದು, ಇಮೇಜಿನ ಒಳಗಿನ ಮಾಹಿತಿಯಿಂದಲೇ ಎಸ್‌ಎಚ್‌ಎ-256 ಎಂಬ ಗಣಿತ ವಿಧಾನದಿಂದ ಬರುವ 64 ಅಂಕಿಗಳ ಡೈಜೆಸ್ಟ್. ಟ್ಯಾಗ್ ಹಂಪಿಯ ದಾರಿಯಲ್ಲಿನ ಕೈಮರವಿದ್ದಂತೆ. ಯಾರಾದರೂ ತಿರುಗಿಸಿಟ್ಟರೆ ನೀವು ಬೇರೆಡೆಗೆ ಹೋಗುತ್ತೀರಿ. ಡೈಜೆಸ್ಟ್ ಶಿಲಾಶಾಸನವಿದ್ದಂತೆ, ಒಂದಕ್ಷರ ಕೆತ್ತಿದರೂ ಗೊತ್ತಾಗುತ್ತದೆ. ಇಮೇಜಿನ ಒಂದೇ ಒಂದು ಬಿಟ್ ಬದಲಾದರೂ ಡೈಜೆಸ್ಟ್ ಪೂರ್ತಿ ಬೇರೆಯಾಗುತ್ತದೆ. ನಮ್ಮ ಪ್ರಯೋಗಶಾಲೆಯ ಗಣಕಗಳು ಟ್ಯಾಗನ್ನು ನಂಬಿದ್ದವು. ಕಂಪ್ಲಿಯ ಗಣಕ ಕೈಮರವನ್ನು ತಿರುಗಿಸಿತ್ತು.

ಗುರುತಿನ ಆಡಳಿತವೆಂದರೇನು?

ಬಾಗಿಲಲ್ಲಿ ‘ನೀನು ಯಾರು?’ ಎಂದು ಕೇಳುವುದು ಗುರುತಿನ ಪರೀಕ್ಷೆ. ‘ಈ ವ್ಯಕ್ತಿಗೆ ಈ ಹಕ್ಕು ಏಕೆ ಇದೆ? ಕೊಟ್ಟವರು ಯಾರು? ಇಂದಿಗೂ ಬೇಕೆ?’ ಎಂದು ಕೇಳುವುದು ಗುರುತಿನ ಆಡಳಿತ. ಸೇಲ್‌ಪಾಯಿಂಟ್, ಸೇವಿಯಂಟ್ ಮುಂತಾದ ವಾಣಿಜ್ಯ ವೇದಿಕೆಗಳೂ ಮಿಡ್‌ಪಾಯಿಂಟ್ ಎಂಬ ಮುಕ್ತ ತಂತ್ರಾಂಶವೂ ಮಾಡುವುದು ಈ ಕೆಲಸವನ್ನೇ. ಅವು ವ್ಯಕ್ತಿಯ ಮೂರು ಘಟ್ಟಗಳನ್ನು ಗಮನಿಸುತ್ತವೆ: ಸೇರಿಕೆ, ಸ್ಥಾನ ಬದಲಾವಣೆ ಮತ್ತು ನಿರ್ಗಮನ.

ನಡುವಿನ ಘಟ್ಟವೇ ಹೆಚ್ಚಾಗಿ ಮರೆತುಹೋಗುವುದು. ನಮ್ಮ ಸುತ್ತಲಿನ ಉದಾಹರಣೆಯನ್ನೇ ನೋಡಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಕಂಪ್ಲಿಯಿಂದ ಹೊಸಪೇಟೆಗೆ ವರ್ಗವಾದ ನೌಕರನಿಗೆ ಹೊಸ ಜಿಲ್ಲೆಯ ಕಡತಗಳು ಸಿಗಬೇಕು; ಹಳೆಯ ಜಿಲ್ಲೆಯವು ನಿಲ್ಲಬೇಕು. ಮೊದಲನೆಯದು ಸಿಗದಿದ್ದರೆ ಅವನೇ ಬಂದು ಕೇಳುತ್ತಾನೆ. ಎರಡನೆಯದು ನಿಲ್ಲದಿದ್ದರೆ ಯಾರೂ ದೂರುವುದಿಲ್ಲ. ಹೀಗೆ ಹಕ್ಕುಗಳು ಸದ್ದಿಲ್ಲದೆ ಗುಡ್ಡೆಯಾಗುತ್ತವೆ.

ಎರಡನ್ನೂ ಜೋಡಿಸುವ ಬಗೆ

ಭಂಡಾರ ತನ್ನದೇ ಆದ ಬಳಕೆದಾರರ ಪಟ್ಟಿ ಇಟ್ಟುಕೊಂಡರೆ, ಕಾಲೇಜಿನ ದಾಖಲಾತಿ ಬದಲಾದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಆದ್ದರಿಂದ ಮೊದಲ ಹೆಜ್ಜೆ, ಪ್ರವೇಶವನ್ನು ಸಂಸ್ಥೆಯ ಏಕೈಕ ಗುರುತು ಸೇವೆಗೆ ಒಪ್ಪಿಸುವುದು. ಇದಕ್ಕೆ 2014ರಲ್ಲಿ ಪ್ರಕಟವಾದ ಓಪನ್‌ಐಡಿ ಕನೆಕ್ಟ್ ಎಂಬ ಮಾನಕವಿದೆ. ಹಾರ್ಬರ್ ಇದನ್ನು ಬಲ್ಲದು.

ಎರಡನೆಯದು, ಭಂಡಾರದಲ್ಲಿರುವ ಪ್ರತಿ ಖಾತೆಗೂ ಅದರ ವ್ಯಕ್ತಿಯನ್ನು ಹೊಂದಿಸುವುದು. ಹೆಸರನ್ನು ಆಧಾರವಾಗಿ ಹಿಡಿಯಬಾರದು. 2014ರ ನವೆಂಬರ್ 1ರಂದು ‘ಹಾಸ್ಪೆಟ್’ ಅಧಿಕೃತವಾಗಿ ‘ಹೊಸಪೇಟೆ’ ಆಯಿತು. ಊರು ಅದೇ, ಬರಹ ಬೇರೆ. ಹೆಸರನ್ನಷ್ಟೇ ಹೋಲಿಸುವ ಗಣಕಕ್ಕೆ ಅವು ಎರಡು ಊರುಗಳು. ವ್ಯಕ್ತಿಗಳ ವಿಷಯದಲ್ಲೂ ಹೀಗೆಯೇ. ಎಂದೂ ಬದಲಾಗದ, ಇನ್ನೊಬ್ಬರಿಗೆ ಮತ್ತೆ ಕೊಡದ ಒಂದು ಸಂಖ್ಯೆಯೇ ಆಧಾರವಾಗಬೇಕು. ಯಾರಿಗೂ ಹೊಂದದೆ ಉಳಿದ ಖಾತೆಗಳು ಅನಾಥ ಖಾತೆಗಳು. ತನಿಖೆ ಅಲ್ಲಿಂದಲೇ ಆರಂಭವಾಗಲಿ.

ಮೂರನೆಯದು, ಹಕ್ಕನ್ನು ವ್ಯಕ್ತಿಗೆ ನೇರವಾಗಿ ಕೊಡದೆ ಗುಂಪಿಗೆ ಕೊಡುವುದು. ವಿದ್ಯಾರ್ಥಿಗಳಿಗೆ ಇಮೇಜ್ ಪಡೆಯುವ ಹಕ್ಕು ಸಾಕು; ಯೋಜನಾ ತಂಡಕ್ಕೆ ಕಳಿಸುವ ಹಕ್ಕು; ಅಳಿಸುವ ಹಕ್ಕು ಒಬ್ಬಿಬ್ಬರಿಗೆ ಮಾತ್ರ. ಗುಂಪಿನಿಂದ ಹೊರಬಿದ್ದೊಡನೆ ಹಕ್ಕೂ ಹೋಗುತ್ತದೆ.

ನಾಲ್ಕನೆಯದು, ಸುದ್ದಿ ಮುಟ್ಟಿಸುವ ಕೊಂಡಿ. ‘ಈತ ಸೇರಿದ, ಈತ ಹೋದ’ ಎಂದು ಒಂದು ವ್ಯವಸ್ಥೆ ಇನ್ನೊಂದಕ್ಕೆ ತಿಳಿಸಲು 2015ರಲ್ಲಿ ಸ್ಕಿಮ್ ಎಂಬ ಮಾನಕದ ಈಗಿನ ರೂಪ ಪ್ರಕಟವಾಯಿತು. ಭಂಡಾರಕ್ಕೆ ಆ ಭಾಷೆ ಬಾರದಿದ್ದರೆ, ಭಂಡಾರವೇ ಒದಗಿಸುವ ಆದೇಶಗಳ ಮೂಲಕ ಖಾತೆಗಳನ್ನು ಓದಿ, ಬೇಡವಾದವನ್ನು ಮುಚ್ಚುವ ಚಿಕ್ಕ ತಂತ್ರಾಂಶವೊಂದನ್ನು ನಡುವೆ ಇಡಬೇಕು.

ಯಂತ್ರಗಳಿಗೆ ನಿವೃತ್ತಿ ಇಲ್ಲ

ಇಷ್ಟು ಮಾಡಿದ್ದರೂ ನಮ್ಮ ಪ್ರಯೋಗಶಾಲೆ ಉಳಿಯುತ್ತಿರಲಿಲ್ಲ! ಕಂಪ್ಲಿಯ ಗಣಕ ಬಳಸಿದ್ದು ವಿದ್ಯಾರ್ಥಿಯ ಸ್ವಂತ ಖಾತೆಯನ್ನಲ್ಲ, ಸ್ವಯಂಚಾಲಿತ ಕೆಲಸಕ್ಕೆಂದು ಮಾಡಿಕೊಟ್ಟಿದ್ದ ಯಂತ್ರಖಾತೆಯನ್ನು. ಯಂತ್ರಕ್ಕೆ ದಾಖಲಾತಿ ಸಂಖ್ಯೆಯಿಲ್ಲ, ತೇರ್ಗಡೆಯಿಲ್ಲ, ನಿವೃತ್ತಿಯಿಲ್ಲ. ಹೀಗಾಗಿ ಯಾವ ನಿರ್ಗಮನದ ಸುದ್ದಿಯೂ ಅದನ್ನು ಮುಟ್ಟುವುದಿಲ್ಲ.

ಇಲ್ಲಿ ಸಂಡೂರಿನ ಗಣಿಗಳಿಂದ ಹೊರಡುವ ಅದಿರಿನ ಲಾರಿ ನಮಗೆ ಪಾಠ ಹೇಳುತ್ತದೆ. ಅದರ ಸಾಗಣೆ ಪರವಾನಗಿಯಲ್ಲಿ ಯಾವ ವಾಹನ, ಎಷ್ಟು ಅದಿರು, ಎಲ್ಲಿಂದ ಎಲ್ಲಿಗೆ, ಯಾವ ಹೊತ್ತಿನ ತನಕ ಎಂಬುದೆಲ್ಲ ನಮೂದಾಗಿರುತ್ತದೆ. ಅಂಥ ಪರವಾನಗಿಗಳನ್ನು ಕಡೆಗಣಿಸಿದರೆ ಏನಾಗುತ್ತದೆಂಬುದನ್ನು 2011ರ ಲೋಕಾಯುಕ್ತ ವರದಿ ನಾಡಿಗೆಲ್ಲ ತೋರಿಸಿತು. ಯಂತ್ರಖಾತೆಯ ಕೀಲಿಯೂ ಹಾಗೆಯೇ ಇರಬೇಕು: ಒಂದೇ ಯೋಜನೆಗೆ, ಒಂದೇ ಕೆಲಸಕ್ಕೆ, ಗೊತ್ತಾದ ದಿನದವರೆಗೆ. ಜೊತೆಗೆ ಪ್ರತಿ ಯಂತ್ರಖಾತೆಗೂ ಹೊಣೆಗಾರ ಮನುಷ್ಯನೊಬ್ಬನಿರಬೇಕು. ಅವನು ಹೊರಟ ದಿನ ಖಾತೆ ಇನ್ನೊಬ್ಬರ ಹೊಣೆಗೆ ಹೋಗಬೇಕು, ಇಲ್ಲವೇ ಮುಚ್ಚಬೇಕು.

ಜೋಡಣೆಯಿಂದ ಆಗದ ಕೆಲಸಗಳು

ಹಕ್ಕು ಕಿತ್ತುಕೊಂಡರೂ ಈಗಾಗಲೇ ಇಳಿಸಿಕೊಂಡ ಇಮೇಜ್ ಅವರಲ್ಲೇ ಉಳಿಯುತ್ತದೆ. ಇಮೇಜ್ ಪದರ ಪದರವಾಗಿ ಕಟ್ಟಿದ್ದಾದ್ದರಿಂದ, ಕೆಳಗಿನ ಪದರದಲ್ಲಿ ಇಟ್ಟ ಗುಪ್ತಪದವನ್ನು ಮೇಲಿನ ಪದರದಲ್ಲಿ ಅಳಿಸಿದರೂ ಅದು ಒಳಗೆ ಹಾಗೆಯೇ ಇರುತ್ತದೆ. 2021ರಲ್ಲಿ ಕೋಡ್‌ಕವ್ ಎಂಬ ಸಂಸ್ಥೆ ಇಮೇಜ್ ಕಟ್ಟುವಾಗ ಮಾಡಿದ ತಪ್ಪಿನಿಂದ ಒಂದು ಕೀಲಿ ಹೊರಬಿತ್ತು. ಅದನ್ನು ಬಳಸಿ ಜನವರಿ 31ರಿಂದ ಆಗಾಗ ಅದರ ತಂತ್ರಾಂಶವೊಂದನ್ನು ಯಾರೋ ತಿದ್ದಿದರು. ಅದು ಪತ್ತೆಯಾದದ್ದು ಏಪ್ರಿಲ್ 1ರಂದು. ಗ್ರಾಹಕರೊಬ್ಬರು ತಾವು ಇಳಿಸಿಕೊಂಡದ್ದರ ಡೈಜೆಸ್ಟನ್ನು ಪ್ರಕಟಿತ ಡೈಜೆಸ್ಟಿನೊಡನೆ ಹೋಲಿಸಿ ನೋಡಿದ್ದರಿಂದ. ವಿಜ್ಞಾನದಲ್ಲಿ ನಾವು ಕಲಿಸುವುದೂ ಇದನ್ನೇ ಅಲ್ಲವೆ? ನಂಬುವ ಮೊದಲು ಅಳೆದು ನೋಡು.

ಈಗ ನಮ್ಮ ಪ್ರಯೋಗಶಾಲೆಯ ಗಣಕಗಳು ಟ್ಯಾಗಿನಿಂದಲ್ಲ, ಡೈಜೆಸ್ಟಿನಿಂದ ಇಮೇಜನ್ನು ಕರೆಯುತ್ತವೆ. ಯಂತ್ರಖಾತೆಗಳ ಕೀಲಿಗಳೆಲ್ಲ ಶೈಕ್ಷಣಿಕ ವರ್ಷದ ಕೊನೆಗೆ ಸಾಯುತ್ತವೆ. ನಿಮ್ಮ ಕಾಲೇಜಿನಲ್ಲಿ ಆಡಳಿತ ವೇದಿಕೆ ಇಲ್ಲದಿದ್ದರೆ ಚಿಂತೆಯಿಲ್ಲ; ಒಂದು ನೋಟ್‌ಪುಸ್ತಕದಲ್ಲಿ ಖಾತೆ, ಹೊಣೆಗಾರ, ಕಾರಣ, ಮುಕ್ತಾಯದ ದಿನ ಎಂದು ನಾಲ್ಕು ಗೆರೆ ಎಳೆದು ವರ್ಷಕ್ಕೆರಡು ಬಾರಿ ಓದಿರಿ. ವೇದಿಕೆ ಮಾಡುವುದೂ ಈ ಕೆಲಸವನ್ನೇ, ಮರೆಯದೆ ಮಾಡುತ್ತದೆ ಅಷ್ಟೆ.

ಆ ತಂಡದ ವಿದ್ಯಾರ್ಥಿಗಳನ್ನು ಕರೆದು, ನಿಮ್ಮ ಎಣಿಕೆ ಸರಿಯಾಗಿತ್ತು, ತಪ್ಪು ನಮ್ಮದು ಎಂದು ಹೇಳಿದೆ. ಅಂಕಗಳನ್ನೂ ಸರಿಪಡಿಸಿದೆ.