ಒಂದು ಮುಖದ ನಗೆ ಇನ್ನೊಂದು ಮುಖದಲ್ಲಿ

ಪೀಟರ್ ಜ್ಯಾಕ್ಸನ್ ನಿರ್ದೇಶಿಸಿದ 'ಕಿಂಗ್ ಕಾಂಗ್' ಚಲನಚಿತ್ರವು 2005ರಲ್ಲಿ ತೆರೆಗೆ ಬಂದಾಗ, ಅದರ ದೈತ್ಯ ಗೊರಿಲ್ಲಾದ ಕ್ರೋಧವನ್ನೂ ವಿಷಾದವನ್ನೂ ಕಂಡು ಕರಗಿದ ಪ್ರೇಕ್ಷಕರಲ್ಲಿ ಎಷ್ಟೋ ಮಂದಿಗೆ, ತಾವು ನೋಡುತ್ತಿರುವುದು ಆಂಡಿ ಸರ್ಕಿಸ್ ಎಂಬ ಆಂಗ್ಲ ನಟನ ಮುಖಾಭಿನಯವನ್ನೆಂಬುದು ಹೊಳೆದಿರಲಾರದು. ಅದೇ ನಟ 2002ರಲ್ಲಿ ಗೊಲ್ಲಮ್ ಎಂಬ ಕೃಶ ಪ್ರಾಣಿಯ ಪಾತ್ರ ವಹಿಸಿದಾಗ, ಕಲಾವಿದರು ಅವನ ಮುಖದ ಚಿತ್ರಣವನ್ನು ಪಕ್ಕದಲ್ಲಿರಿಸಿಕೊಂಡು ಆ ಪ್ರಾಣಿಯ ಹುಬ್ಬನ್ನೂ ತುಟಿಯನ್ನೂ ಕೈಯಿಂದಲೇ ತಿದ್ದಿ ಚಲಿಸುವಂತೆ ಮಾಡಿದ್ದರು. ಕಾಂಗ್‌ನ ವೇಳೆಗೆ, ನಟನ ಮುಖದ ಮೇಲೆ ಅಲ್ಲಲ್ಲಿ ಸಣ್ಣ ಬಿಂದುಗಳನ್ನಂಟಿಸಿ, ಅವು ಸರಿದಾಡಿದ ಬಗೆಯನ್ನು ಕ್ಯಾಮೆರಾಗಳಿಂದ ಗ್ರಹಿಸಿ, ಗಣಕಯಂತ್ರದೊಳಗಿನ ಗೊರಿಲ್ಲಾ ಮುಖಕ್ಕೆ ದಾಟಿಸುವುದು ಸಾಧ್ಯವಾಗಿತ್ತು. ದಾಟಿಸುವುದೆಂದು ಬರೆದುಬಿಡುವುದು ಸುಲಭ. ತೊಡಕೆಲ್ಲ ಇರುವುದು ಆ ಮಾತಿನೊಳಗೇ.

ಗಣಕಯಂತ್ರದೊಳಗಿನ ಮುಖವೆಂದರೆ ಸಾವಿರಾರು ಕಿರಿಯ ತ್ರಿಕೋನಗಳನ್ನು ಅಂಚಿಗಂಚು ಕೂಡಿಸಿದ ಒಂದು ಟೊಳ್ಳು ಜಾಲ. ಎರಡು ಮುಖಗಳ ಜಾಲಗಳಲ್ಲಿ ಬಿಂದುಗಳ ಸಂಖ್ಯೆ ಒಂದೇ ಆಗಿರುವುದಿಲ್ಲ, ಕ್ರಮವೂ ಒಂದೇ ಅಲ್ಲ. ಆದಕಾರಣ ಇಲ್ಲಿಯ ಕಟವಾಯಿಗೆ ಅಲ್ಲಿ ಸರಿಗೂಡುವ ಬಿಂದು ಯಾವುದೆಂಬ ಪ್ರಶ್ನೆಗೇ ಮೊದಲು ಉತ್ತರ ಬೇಕು. ಉತ್ತರ ದೊರೆತ ಮೇಲೂ, ಮನುಷ್ಯನ ಕಟವಾಯಿ ಒಂದು ಸೆಂಟಿಮೀಟರು ಏರಿತೆಂದು ಆ ದೈತ್ಯನದನ್ನೂ ಅಷ್ಟೇ ಏರಿಸಿದರೆ ಅದು ಯಾರ ಕಣ್ಣಿಗೂ ಬೀಳದು. ಹಿಗ್ಗಿಸಿ ಏರಿಸೋಣವೆಂದರೆ ದಿಕ್ಕು ತಪ್ಪುತ್ತದೆ. ಏಕೆಂದರೆ ಗೊರಿಲ್ಲಾದ ಮೂತಿ ಮುಂಚಾಚಿಕೊಂಡಿರುವುದರಿಂದ, ನಮ್ಮ ಕೆನ್ನೆಯ ಗುಂಟ ಹಿಂದಕ್ಕೆ ಜಾರುವ ಚಲನೆ ಅಲ್ಲಿ ಚರ್ಮದೊಳಕ್ಕೇ ನುಗ್ಗಿಬಿಡಬಹುದು.

ಈ ಕಷ್ಟಕ್ಕೆ ಒಂದು ಪರಿಹಾರವನ್ನು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ನೋಹ್ ಮತ್ತು ನ್ಯೂಮನ್ ಎಂಬ ವಿದ್ವಾಂಸರು 2001ರಲ್ಲಿ ಸೂಚಿಸಿದರು. ಎರಡು ಮುಖಗಳಲ್ಲಿಯೂ ಕಣ್ಣಿನ ಕೊನೆ, ಮೂಗಿನ ತುದಿ, ತುಟಿಯ ಅಂಚು ಮೊದಲಾದ ಕೆಲವು ಸ್ಥಾನಗಳನ್ನು ಗುರುತಿಸಿಕೊಂಡು, ಮೂಲಮುಖವನ್ನು ಗುರಿಮುಖದ ಆಕಾರಕ್ಕೆ ಬಾಗಿಸಿ, ಆಮೇಲೆ ಪ್ರತಿಯೊಂದು ಬಿಂದುವಿನ ಚಲನೆಯ ದಿಕ್ಕನ್ನು ಆ ಸ್ಥಳದ ಮೇಲ್ಮೈಗೆ ಅನುಸಾರವಾಗಿ ತಿರುಗಿಸಿ, ಪ್ರಮಾಣವನ್ನು ಆ ಭಾಗದ ಗಾತ್ರಕ್ಕೆ ಅನುಗುಣವಾಗಿ ಹಿಗ್ಗಿಸುವುದು ಅಥವಾ ಕುಗ್ಗಿಸುವುದು ಅವರ ವಿಧಾನ. ಇಷ್ಟಾದರೂ ತುಟಿಗಳು ಕೂಡುವ ರೇಖೆಗೆ ಅವರು ಪ್ರತ್ಯೇಕ ಆರೈಕೆ ಮಾಡಬೇಕಾಯಿತು. ಅದರ ಕಾರಣವನ್ನು ತಿಳಿಯಬೇಕಾದರೆ 'ಅಮ್ಮ' ಎಂದು ಒಮ್ಮೆ ಉಚ್ಚರಿಸಿ ನೋಡಿರಿ: ಮಕಾರದಲ್ಲಿ ತುಟಿಗಳು ಮುಚ್ಚಿಯೇ ಮುಚ್ಚಬೇಕು. ಗುರಿಮುಖದ ತುಟಿ ತೆಳುವಾಗಿದ್ದರೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ದಪ್ಪವಾಗಿದ್ದರೆ ಒಂದು ತುಟಿ ಇನ್ನೊಂದರೊಳಗೆ ಹೂತುಹೋಗುತ್ತದೆ. ಹುಬ್ಬಿನಲ್ಲಾದ ಬೆರಳಗಲದ ತಪ್ಪನ್ನು ಕ್ಷಮಿಸುವ ಕಣ್ಣು ತುಟಿಯ ಈ ಸಂದನ್ನು ಕ್ಷಮಿಸುವುದಿಲ್ಲ.

ಎಂ.ಐ.ಟಿ.ಯ ಸಮ್ನರ್ ಮತ್ತು ಪೊಪೊವಿಚ್ 2004ರಲ್ಲಿ ಬೇರೊಂದು ದಾರಿ ಹಿಡಿದರು. ಬಿಂದು ಎಷ್ಟು ಸರಿಯಿತೆಂಬುದನ್ನು ಅಳೆಯದೆ, ಒಂದೊಂದು ತ್ರಿಕೋನವೂ ಎಷ್ಟು ತಿರುಗಿತು, ಎಷ್ಟು ಹಿಗ್ಗಿತು ಎಂಬುದನ್ನು ಲೆಕ್ಕ ಹಾಕಿ, ಆ ವಿಕಾರವನ್ನೇ ಗುರಿಜಾಲದ ತ್ರಿಕೋನಗಳ ಮೇಲೆ ಒಡನೊಡನೆ ಹೊಂದಿಸುವ ಅವರ ಗಣಿತವು ಮುಖಕ್ಕಷ್ಟೇ ಸೀಮಿತವಲ್ಲ. ಕುದುರೆಯ ಭಂಗಿಗಳನ್ನು ಒಂಟೆಗೂ ಬೆಕ್ಕಿನ ಭಂಗಿಗಳನ್ನು ಸಿಂಹಕ್ಕೂ ತೊಡಿಸಿ ಅವರು ತೋರಿಸಿದರು.

ಇವೆರಡೂ ಜಾಣತನದ ವಿಧಾನಗಳೇ. ಆದರೆ ಇವು ಸಾಗಿಸುವುದು ಆಕಾರವನ್ನು, ಅಭಿಪ್ರಾಯವನ್ನಲ್ಲ. ನಗೆಯೆಂದರೆ ಚರ್ಮದ ಸರಿದಾಟವಲ್ಲ, ಸ್ನಾಯುಗಳ ಸಂಕೋಚ. ಫ್ರಾನ್ಸಿನ ವೈದ್ಯ ಡುಷೆನ್, ಕಟವಾಯಿಯನ್ನು ಎಳೆಯುವ ಸ್ನಾಯುವನ್ನು ಇಚ್ಛೆಯಿಂದ ಆಡಿಸಬಹುದಾದರೂ ಕಣ್ಣಿನ ಸುತ್ತಣ ಸ್ನಾಯು ನಿಜವಾದ ಹರ್ಷಕ್ಕೆ ಮಾತ್ರ ಓಗೊಡುತ್ತದೆಂದು 1862ರಲ್ಲಿಯೇ ಬರೆದಿದ್ದನು. 1978ರಲ್ಲಿ ಅಮೆರಿಕದ ಎಕ್‌ಮನ್ ಮತ್ತು ಫ್ರೀಸನ್ ಎಂಬ ಮನಶ್ಶಾಸ್ತ್ರಜ್ಞರು ಮುಖದ ಸಮಸ್ತ ಚಲನೆಗಳನ್ನೂ ಇಂತಹ ಮೂಲಕ್ರಿಯೆಗಳಾಗಿ ಒಡೆದು ಅವಕ್ಕೆ ಸಂಖ್ಯೆಗಳನ್ನು ಕೊಟ್ಟರು: ಕೆನ್ನೆಯನ್ನೇರಿಸುವುದು 6, ಕಟವಾಯಿಯನ್ನೆಳೆಯುವುದು 12, ಎರಡೂ ಸೇರಿದಲ್ಲಿ ಮನಸ್ಸಿನಿಂದ ಬಂದ ನಗೆ. ಹುಬ್ಬಿನ ಕ್ರಿಯೆಗಳನ್ನು ಏಳಾಗಿ ವಿಂಗಡಿಸಿ, ಉತ್ಕ್ಷೇಪ, ಪಾತನ, ಭ್ರುಕುಟಿ ಎಂದು ಹೆಸರಿಟ್ಟ ಭರತನ ನಾಟ್ಯಶಾಸ್ತ್ರವನ್ನು ಬಲ್ಲವರಿಗೆ ಈ ಪ್ರಯತ್ನ ಅಪರಿಚಿತವೆನಿಸದು. ಆದರೆ ಭರತನಿಗೆ ಬೇಕಾದುದು ರಸ, ಇವರಿಗೆ ಬೇಕಾದುದು ಸ್ನಾಯು.

ಈ ಪಟ್ಟಿ ಕೈಗೆ ಬಂದುದರಿಂದ ದಾಟಿಸುವ ಕೆಲಸದ ಸ್ವರೂಪವೇ ಬದಲಾಯಿತು. ಗುರಿಮುಖದಲ್ಲಿ ಒಂದೊಂದು ಕ್ರಿಯೆಗೂ ಒಂದೊಂದು ಆಕೃತಿಯನ್ನು ಶಿಲ್ಪಿಯು ಮೊದಲೇ ಕಡೆದಿಡುತ್ತಾನೆ. ಆ ಕಸುಬಿನವರು ಇದನ್ನು ಬ್ಲೆಂಡ್‌ಶೇಪ್ ಎನ್ನುತ್ತಾರೆ. ನಟನಿಂದ ಪಡೆಯುವುದು ಯಾವ ಕ್ರಿಯೆ, ಸೊನ್ನೆಯಿಂದ ಒಂದರವರೆಗಿನ ಮಾಪನದಲ್ಲಿ ಎಷ್ಟು ಎಂಬ ಅಂಕಿಗಳನ್ನು ಮಾತ್ರ. ನಟನ ಬಾಯಿ 0.7ರಷ್ಟು ನಕ್ಕರೆ ಗೊರಿಲ್ಲಾದ ಬಾಯಿಯೂ 0.7ರಷ್ಟು, ಆದರೆ ಗೊರಿಲ್ಲಾದ ರೀತಿಯಲ್ಲಿ, ನಗುತ್ತದೆ. ಇಂದು ಐಫೋನಿನ ಮುಂಬದಿಯ ಕ್ಯಾಮೆರಾ ನಮ್ಮ ಮುಖವನ್ನು ಓದಿ 52 ಇಂತಹ ಅಂಕಿಗಳಾಗಿ ಆ್ಯಪ್‌ಗಳಿಗೆ ಒಪ್ಪಿಸುವುದೂ ಈ ತತ್ತ್ವದ ಮೇಲೆಯೇ. ನನ್ನ ಮಟ್ಟಿಗೆ ಇದೇ ಮೂರರಲ್ಲಿ ಪ್ರಾಮಾಣಿಕವಾದ ಮಾರ್ಗ, ಏಕೆಂದರೆ ಗುರಿಮುಖದ ಸ್ವಭಾವವನ್ನು ಬಲ್ಲ ಕೈಯೊಂದನ್ನು ಅದು ನಡುವೆ ಉಳಿಸಿಕೊಂಡಿದೆ. ದೋಷವಿಲ್ಲದ್ದೇನೂ ಅಲ್ಲ. ದವಡೆ ತೆರೆದ ಆಕೃತಿಯನ್ನೂ ನಗೆಯ ಆಕೃತಿಯನ್ನೂ ಸುಮ್ಮನೆ ಒಂದಕ್ಕೊಂದು ಕೂಡಿಸಿದರೆ, ಬಾಯಿ ತೆರೆದ ನಗೆಯಾಗದೆ ಕಟವಾಯಿ ಹರಿದಂತಾಗುತ್ತದೆ. ಅದನ್ನು ಸರಿಪಡಿಸಲು ಆ ಜೋಡಿಗೆಂದೇ ಮತ್ತೊಂದು ಆಕೃತಿ ಬೇಕು, ಮೂರು ಕೂಡಿದಲ್ಲಿ ಇನ್ನೊಂದು, ಹೀಗೆ ಕೆಲಸ ಬೆಳೆಯುತ್ತಲೇ ಹೋಗುತ್ತದೆ.

ಅನುಭವಸ್ಥರು ಈ ಶ್ರಮವನ್ನು ಮೊದಲಲ್ಲಿಯೇ ತಗ್ಗಿಸಿಕೊಳ್ಳುವ ಉಪಾಯವನ್ನೂ ಕಂಡುಕೊಂಡಿದ್ದಾರೆ. 2009ರ 'ಅವತಾರ್' ಚಿತ್ರದಲ್ಲಿ ನಟರು ಧರಿಸಿದ ಶಿರಸ್ತ್ರಾಣದಿಂದ ಒಂದು ಪುಟ್ಟ ಕ್ಯಾಮೆರಾ ಮುಖದೆದುರು ಚಾಚಿಕೊಂಡಿತ್ತೆಂಬುದು ಬಹಳ ಮಂದಿಗೆ ಗೊತ್ತು. ಆದರೆ ಆ ನೀಲಿ ಮುಖಗಳನ್ನು ಕಡೆಯುವಾಗ ನಟರ ಚಹರೆಯನ್ನು ಬೇಕೆಂದೇ ಉಳಿಸಿಕೊಂಡಿದ್ದರೆಂಬುದನ್ನು ಗಮನಿಸಿದವರು ಕಡಮೆ. ಚಪ್ಪಟೆ ಮೂಗು, ಅಗಲ ಕಣ್ಣು, ಚೂಪು ಕಿವಿಗಳೆಲ್ಲ ಇದ್ದರೂ ಸಿಗೋರ್ನಿ ವೀವರ್ ಅವರ ನೀಲಿ ಪ್ರತಿರೂಪವನ್ನು ಕಂಡೊಡನೆ ಅದು ಅವರೇ ಎಂದು ಗುರುತು ಸಿಗುತ್ತದೆ. ದಾಟಬೇಕಾದ ಹೊಳೆಯನ್ನೇ ಕಿರಿದುಮಾಡಿಕೊಂಡಿದ್ದರು.