ಆ ಅರ್ಧ ಗಂಟೆ ದಾಟಿದರೆ...

ಕುಡಿತ ಬಿಡಿಸುವ ಕೇಂದ್ರದಿಂದ ಯಜಮಾನರು ಮನೆಗೆ ಬಂದಿದ್ದಾರೆ. ಮುಖದಲ್ಲಿ ಕಳೆ ಬಂದಿದೆ, ಊಟ ಸೇರುತ್ತಿದೆ, ಮಕ್ಕಳ ಜೊತೆ ಕೂತು ಟೀವಿ ನೋಡುತ್ತಾರೆ. ಅತ್ತೆ ಹೊತ್ತ ಹರಕೆಯನ್ನೂ ತೀರಿಸಿಯಾಯಿತು. ಅಬ್ಬಾ, ಎಲ್ಲಾ ಸರಿಹೋಯ್ತು ಎನ್ನುವಷ್ಟರಲ್ಲಿ ಸಂಜೆ ಏಳಾಗುತ್ತದೆ. ಅವರು ಸುಮ್ಮಸುಮ್ಮನೆ ಎದ್ದು ಓಡಾಡತೊಡಗುತ್ತಾರೆ. ಸಣ್ಣ ವಿಷಯಕ್ಕೂ ಮಕ್ಕಳ ಮೇಲೆ ರೇಗುತ್ತಾರೆ. ಚಪ್ಪಲಿ ಹುಡುಕುತ್ತಾರೆ. ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿರುವ ನಿಮ್ಮ ಎದೆ ಡವಡವ!

ಇಂಥ ಸಂಜೆಗಳನ್ನು ಕಂಡವರಿಗೆ ಗೊತ್ತು, ಕುಡಿತ ಬಿಡುವುದಕ್ಕಿಂತ ಬಿಟ್ಟ ಮೇಲೆ ಹಾಗೇ ಇರುವುದು ಕಷ್ಟ. 'ನಮ್ಮ ಮನೆಗೆ ಮಾತ್ರ ಈ ಗ್ರಹಚಾರ' ಎಂದು ಕೊರಗಬೇಡಿ. ದೇಶದಲ್ಲಿ ಸುಮಾರು 5.7 ಕೋಟಿ ಜನರಿಗೆ ಕುಡಿತದ ಸಮಸ್ಯೆಯಿಂದ ಹೊರಬರಲು ನೆರವು ಬೇಕು ಎಂದು ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆ 2019ರಲ್ಲಿ ಹೇಳಿತು. ಔಷಧಿ, ಆಪ್ತಸಮಾಲೋಚನೆಯ ಜೊತೆಗೆ ಆ ಸಂಜೆಯ ಹೊತ್ತನ್ನು ದಾಟಲು ತಜ್ಞರು ಹೇಳಿಕೊಡುವ ಇನ್ನೊಂದು ದಾರಿಯೇ 'ಮೈಂಡ್‌ಫುಲ್‌ನೆಸ್'. ಖರ್ಚಿಲ್ಲ, ಮನೆಯಲ್ಲೇ ಮಾಡಬಹುದು. ಅವರಿಗಷ್ಟೇ ಅಲ್ಲ, ನಿಮಗೂ ಬೇಕಾದದ್ದು ಇದು.

ಏನಿದು ಸಾವಧಾನ?

ಮದುವೆ ಮಂಟಪದಲ್ಲಿ ಅಂತರಪಟ ಹಿಡಿದಾಗ ಪುರೋಹಿತರು 'ಸಾವಧಾನ' ಎನ್ನುವುದನ್ನು ಕೇಳಿದ್ದೀರಲ್ಲ? ಗಮನ ಇಲ್ಲೇ ಇರಲಿ, ಆಚೀಚೆ ಹೋಗದಿರಲಿ ಅಂತ. ಮೈಂಡ್‌ಫುಲ್‌ನೆಸ್ ಅಂದರೂ ಹೆಚ್ಚುಕಡಿಮೆ ಅದೇ. ಈ ಕ್ಷಣ ಮೈಯಲ್ಲಿ, ಮನಸ್ಸಿನಲ್ಲಿ ಏನಾಗುತ್ತಿದೆಯೋ ಅದನ್ನು ಸರಿ, ತಪ್ಪು ಎನ್ನದೆ ಗಮನಿಸುವುದು. ಇದರ ಬೇರು ಬೌದ್ಧ ಧ್ಯಾನದಲ್ಲಿದೆ. 1979ರಲ್ಲಿ ಅಮೆರಿಕದ ಜಾನ್ ಕಬಾಟ್-ಝಿನ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಒತ್ತಡ ಮತ್ತು ದೀರ್ಘಕಾಲದ ನೋವಿನಿಂದ ಬಳಲುವವರಿಗೆ ಇದನ್ನು ಕಲಿಸಲು ಶುರುಮಾಡಿದರು.

ಚಟ ಬಿಟ್ಟವರಿಗೆ ತಕ್ಕಂತೆ ಇದನ್ನು ಹೊಂದಿಸಿದವರು ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಮತ್ತು ಅವರ ಸಂಗಡಿಗರು. ಅವರು ರೂಪಿಸಿದ ಎಂಟು ವಾರಗಳ ತರಬೇತಿಯನ್ನು 286 ಮಂದಿಯಲ್ಲಿ ಪರೀಕ್ಷಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಎಲ್ಲರೂ ಚಿಕಿತ್ಸೆಯ ಮೊದಲ ಹಂತ ಮುಗಿಸಿದವರೇ. ಒಂದು ವರ್ಷದ ನಂತರ ನೋಡಿದಾಗ ಈ ತರಬೇತಿ ಪಡೆದವರು ಉಳಿದವರಿಗಿಂತ ಕಡಿಮೆ ದಿನ ಮಾದಕವಸ್ತು ಬಳಸಿದ್ದರು, ವಿಪರೀತ ಕುಡಿಯುವುದೂ ಕಡಿಮೆಯಾಗಿತ್ತು. ಮಂತ್ರದಂಡವಂತೂ ಅಲ್ಲ. ಊರುಗೋಲು ಅನ್ನಬಹುದು.

ಅಲೆಯ ಮೇಲೆ ಸವಾರಿ

ಮೂಲ್ಕಿಯ ಕಡಲಲ್ಲಿ ಹುಡುಗರು ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವುದನ್ನು ಟೀವಿಯಲ್ಲಾದರೂ ನೋಡಿರುತ್ತೀರಿ. ಅವರು ಅಲೆಯ ಜೊತೆ ಗುದ್ದಾಡುವುದಿಲ್ಲ, ಅದರಲ್ಲಿ ಮುಳುಗುವುದೂ ಇಲ್ಲ. ಅದು ಏರಿದಂತೆ ಏರಿ, ಇಳಿದಂತೆ ಇಳಿಯುತ್ತಾರೆ. ಕುಡಿಯಬೇಕೆಂಬ ತುಡಿತವೂ ಅಲೆಯ ಹಾಗೇ ಎಂದರು ಮಾರ್ಲಟ್. ಏರುತ್ತದೆ, ತುತ್ತತುದಿ ಮುಟ್ಟುತ್ತದೆ, ನಾವು ಅದಕ್ಕೆ ಉಣ್ಣಿಸದಿದ್ದರೆ ಸಾಮಾನ್ಯವಾಗಿ 20-30 ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಚಟದಲ್ಲಿದ್ದವರಿಗೆ ಅದು ಇಳಿಯುತ್ತದೆ ಎಂಬುದೇ ಗೊತ್ತಿರುವುದಿಲ್ಲ. ಏಕೆಂದರೆ ಇಳಿಯುವವರೆಗೆ ಅವರು ಯಾವತ್ತೂ ಕಾದಿಲ್ಲ! ಒಂದೊಂದು ಸಲ ಕುಡಿಯದೆ ದಾಟಿದಾಗಲೂ ಮನಸ್ಸು ಒಂದು ಪಾಠ ಕಲಿಯುತ್ತದೆ, 'ಕುಡಿಯದಿದ್ದರೂ ಇದು ಹೋಗುತ್ತೆ' ಅಂತ.

ಮಾಡುವುದು ಹೀಗೆ:

* ನಿಲ್ಲಿ: ಓಡಾಟ ನಿಲ್ಲಿಸಿ ಒಂದು ಕಡೆ ಕೂರಬೇಕು, ಇಲ್ಲವೇ ಕಾಲೂರಿ ನಿಲ್ಲಬೇಕು.

* ಗಮನಿಸಿ: ತುಡಿತ ಮೈಯಲ್ಲಿ ಎಲ್ಲಿದೆ? ಗಂಟಲು ಒಣಗಿದೆಯೇ, ಹೊಟ್ಟೆಯಲ್ಲಿ ಸಂಕಟವೇ, ಕೈ ಚಡಪಡಿಸುತ್ತಿದೆಯೇ? ಓಡಿಸಲು ಹೋಗದೆ ಸುಮ್ಮನೆ ನೋಡಬೇಕು.

* ಉಸಿರಿಗೆ ಬನ್ನಿ: ಮೂಗಿನಲ್ಲಿ ಗಾಳಿ ಒಳಗೆ ಬರುವುದು, ಹೊರಗೆ ಹೋಗುವುದು. ಮನಸ್ಸು ಓಡಿದರೆ ಬೈದುಕೊಳ್ಳದೆ ವಾಪಸ್ ಕರೆತರಬೇಕು.

* ಗಮನ ಹಿಗ್ಗಿಸಿ: ಇಡೀ ಮೈ, ಕೂತ ಕುರ್ಚಿ, ರಸ್ತೆಯ ಹಾರ್ನ್, ಒಗ್ಗರಣೆಯ ವಾಸನೆ ಎಲ್ಲವೂ ಗಮನಕ್ಕೆ ಬರಲಿ.

* ಆಮೇಲೆ ತೀರ್ಮಾನ: ಈಗ ಏನು ಮಾಡಲಿ? ಒಂದು ಲೋಟ ನಿಂಬೆ ಪಾನಕವೇ, ಗೆಳೆಯನಿಗೆ ಫೋನೇ, ಮಗಳ ಜೊತೆ ಒಂದು ಸುತ್ತು ವಾಕಿಂಗೇ?

ಇಷ್ಟಕ್ಕೆ ಮೂರು ನಿಮಿಷ ಸಾಕು. ಅಲೆ ಇಳಿದಿಲ್ಲ ಅನಿಸಿದರೆ ಮತ್ತೆ ಮೊದಲಿಂದ. ಒಂದು ಮಾತು ನೆನಪಿರಲಿ: ಬೆಂಕಿ ಬಿದ್ದಾಗ ಬಾವಿ ತೋಡಲಾಗದು. ಮನಸ್ಸು ಶಾಂತವಾಗಿರುವ ಬೆಳಗಿನ ಹೊತ್ತಲ್ಲೇ ದಿನಾ ಅಭ್ಯಾಸ ಆಗಬೇಕು. ಪೇಪರ್, ಮೊಬೈಲ್ ಬದಿಗಿಟ್ಟು ಕಾಫಿಯ ಮೊದಲ ಐದು ಗುಟುಕನ್ನು ಬಿಸಿ, ಘಮ, ಕಹಿ ಎಲ್ಲವನ್ನೂ ಗಮನಿಸುತ್ತಾ ಕುಡಿಯುವುದರಿಂದಲೇ ಶುರುಮಾಡಬಹುದು.

ನಿಮ್ಮ ಪಾಲೆಷ್ಟು?

ಅವರ ಅಲೆಯನ್ನು ನೀವು ದಾಟಲಾಗದು. 'ಕಣ್ಣು ಮುಚ್ಚಿ ಕೂತ್ಕೊಳ್ಳಿ' ಅಂತ ಹಿಂದೆ ಬಿದ್ದರೆ ಇನ್ನಷ್ಟು ರೇಗುತ್ತಾರೆ. ಆದರೆ ನಿಮ್ಮದೂ ಒಂದು ಅಲೆ ಇದೆಯಲ್ಲ, ಅನುಮಾನದ್ದು!

ನನಗೆ ಪರಿಚಯದ ಗೃಹಿಣಿಯೊಬ್ಬರು ಗಂಡ ಶೂ ಬಿಚ್ಚುವ ಮೊದಲೇ ಹತ್ತಿರ ಹೋಗಿ ಮೂಗರಳಿಸುತ್ತಿದ್ದರು. ಅಂಗಿ ಜೇಬು, ಸ್ಕೂಟರ್ ಡಿಕ್ಕಿ, ನೀರಿನ ಟ್ಯಾಂಕಿನ ಹಿಂದೆ ಎಲ್ಲಾ ಕಡೆ ತಪಾಸಣೆ. 'ನಾಲ್ಕು ತಿಂಗಳಿಂದ ಮುಟ್ಟಿಲ್ಲ, ಆದ್ರೂ ನಾನು ಕಳ್ಳನೇ' ಎಂದು ಅವರು ಒಂದು ದಿನ ಅತ್ತೇಬಿಟ್ಟರಂತೆ. ಈಗ ಬೆಲ್ ಆದರೆ ಈಕೆ ಚಿಲಕದ ಮೇಲೆ ಕೈಯಿಟ್ಟು ಮೂರು ಉಸಿರು ಎಣಿಸಿ ಆಮೇಲೆ ಬಾಗಿಲು ತೆಗೆಯುತ್ತಾರೆ. 'ಅನುಮಾನ ಹೋಗಿಲ್ಲ ರೀ, ಆದ್ರೆ ಈಗ ಅದು ನನಗಿಂತ ಮುಂಚೆ ಬಾಗಿಲಿಗೆ ಓಡಲ್ಲ' ಎನ್ನುತ್ತಾರೆ.

ಇನ್ನೂ ಕೆಲವು ಕೈಯಳತೆಯ ಉಪಾಯಗಳಿವೆ. ಹಸಿವು, ಕೋಪ, ಒಂಟಿತನ, ಆಯಾಸ ಈ ನಾಲ್ಕೂ ತುಡಿತಕ್ಕೆ ಬಾಗಿಲು ತೆರೆಯುತ್ತವೆ. ಸಂಜೆ ಆರಕ್ಕೇ ಉಪ್ಪಿಟ್ಟೋ ಅವಲಕ್ಕಿಯೋ ಹೊಟ್ಟೆಗೆ ಬೀಳಲಿ. ಸಾಲದ ಕಂತು, ನಾದಿನಿಯ ಮಾತು, ಮಗನ ಮಾರ್ಕ್ಸ್‌ಕಾರ್ಡ್ ಇವನ್ನೆಲ್ಲ ಆ ಹೊತ್ತಲ್ಲಿ ತೆಗೆಯಬೇಡಿ. ಬೆಳಿಗ್ಗೆ ಮಾತಾಡಿದರಾಯಿತು. ಮನಸ್ಸು ಹಗುರ ಮಾಡಿಕೊಳ್ಳಲು ನಿಮಗೂ ಜಾಗ ಬೇಕು. ಕುಡುಕರ ಮನೆಯವರಿಗಾಗಿಯೇ 1951ರಲ್ಲಿ ಅಮೆರಿಕದಲ್ಲಿ ಆರಂಭವಾದ ಅಲ್-ಅನಾನ್ ಸಂಘಟನೆಯ ಸಭೆಗಳು ಬೆಂಗಳೂರಿನಲ್ಲೂ ನಡೆಯುತ್ತವೆ.

ಒಂದು ವಿಷಯ ಸ್ಪಷ್ಟವಿರಲಿ. ಸಾವಧಾನ ಎಂದರೆ ಏಟು ತಿಂದು ಸುಮ್ಮನಿರುವುದಲ್ಲ. ಕೈ ಎತ್ತಿದರೆ ಉಸಿರು ಎಣಿಸುತ್ತಾ ಕೂರಬೇಡಿ. ಮಕ್ಕಳನ್ನು ಕರೆದುಕೊಂಡು ಸುರಕ್ಷಿತ ಜಾಗಕ್ಕೆ ಹೋಗಿ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಇದನ್ನು ಮರೆಯಬೇಡಿ

* ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಬಿಡುವ ಮೊದಲ ದಿನಗಳು ವೈದ್ಯರ ನಿಗಾದಲ್ಲೇ ಕಳೆಯಬೇಕು. ಆಗ ಧ್ಯಾನ ಸಾಲದು.

* ಬಹುಕಾಲದಿಂದ ನಿದ್ದೆ ಮಾತ್ರೆ ನುಂಗುತ್ತಿರುವ ಗೃಹಿಣಿಯರಿಗೂ ಇದೇ ಮಾತು. ತಟ್ಟನೆ ನಿಲ್ಲಿಸಬೇಡಿ, ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವೇ ಕಡಿಮೆ ಮಾಡಿ.

* ಕಣ್ಣು ಮುಚ್ಚಿ ಕೂತಾಗ ಹಳೆಯ ನೋವು ಉಕ್ಕಿ ಬಂದು ಹೆದರಿಕೆಯಾದರೆ ಅಲ್ಲಿಗೇ ನಿಲ್ಲಿಸಿ, ಆಪ್ತಸಮಾಲೋಚಕರಿಗೆ ತಿಳಿಸಿ.

* ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಾಚಿಕೆ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಮದ್ಯ, ಮಾದಕವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳನ್ನು ಕಾಯಿಲೆಯ ಪಟ್ಟಿಗೆ ಸೇರಿಸಿದೆ.

ಒಂದು ದಿನ ಜಾರಿದರೆ?

ಜಾರುವುದು ಬೇರೆ, ಬಿದ್ದಲ್ಲೇ ಮಲಗುವುದು ಬೇರೆ. ಒಂದು ಗ್ಲಾಸಿಗಿಂತ ಹೆಚ್ಚು ಹಾನಿ ಮಾಡುವುದು 'ಹೇಗೂ ಕೆಟ್ಟೆ, ಇನ್ನೇನಿದೆ' ಎಂಬ ಭಾವನೆ ಎಂದು ಮಾರ್ಲಟ್ ಬಹಳ ಹಿಂದೆಯೇ ಗುರುತಿಸಿದ್ದರು. ಆ ರಾತ್ರಿ ಜಗಳ, ಆಣೆ, ಪ್ರಮಾಣ ಯಾವುದೂ ಬೇಡ. ನಿಮ್ಮ ಮುಂದೆ ಅವರ ತಲೆ ತಗ್ಗಿದಷ್ಟೂ ಕಾಲು ಬಾರ್ ಕಡೆಗೇ ಎಳೆಯುತ್ತದೆ. ಮರುದಿನ ಬೆಳಿಗ್ಗೆ ತಿಂಡಿ ಆದ ಮೇಲೆ ಮೂರೇ ಪ್ರಶ್ನೆ ಕೇಳಿ: ಎಲ್ಲಿದ್ರಿ, ಯಾರ ಜೊತೆ ಇದ್ರಿ, ಅದಕ್ಕೆ ಮುಂಚೆ ಮನಸ್ಸಿಗೆ ಏನಾಗಿತ್ತು? ಉತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅವತ್ತೇ ಡಾಕ್ಟರ್ ಹತ್ತಿರ ಹೊರಡಿ. ಜೊತೆಯಲ್ಲಿ ನೀವೂ ಹೋಗಿ.