ಹಳೆಯ ಜೇಬುಚಾಕುವಿನ ಬೆಲೆ ಕಟ್ಟುವುದು ಹೇಗೆ?

ನ್ಯೂಯಾರ್ಕ್ ರಾಜ್ಯದ ಎಲೆನ್‌ವಿಲ್‌ನಲ್ಲಿದ್ದ ಇಂಪೀರಿಯಲ್ ಶ್ರೇಡ್ ಎಂಬ ಚಾಕು ಕಾರ್ಖಾನೆ 2004ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾಗುತ್ತಿದ್ದ 'ಓಲ್ಡ್ ಟೈಮರ್' ಮಡಚುವ ಚಾಕುಗಳು ಅಮೆರಿಕದ ರೈತರು, ಬೇಟೆಗಾರರು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ಸಾಧಾರಣ ಸಾಮಾನು. ಕಾರ್ಖಾನೆ ಮುಚ್ಚಿದ ಮೇಲೆ ಸಂಗ್ರಾಹಕರ ಕಣ್ಣು ಅವುಗಳ ಮೇಲೆ ಬಿತ್ತು. ಅಷ್ಟರಲ್ಲಿ ಬೇರೊಂದು ಕಂಪನಿ ಆ ಹೆಸರನ್ನು ಕೊಂಡು ಚೀನಾದಲ್ಲಿ ಅದೇ ರೂಪದ ಚಾಕು ಮಾಡಿಸಿತು. ಹೀಗಾಗಿ ನೋಡಲು ಒಂದೇ ಥರದ ಎರಡು ಚಾಕುಗಳಿವೆ, ಬೆಲೆ ಮಾತ್ರ ಬೇರೆ.

ಗುರುತಿಸುವುದು ಹೇಗೆ? ಅಲಗನ್ನು ಬಿಡಿಸಿ, ಹಿಡಿಗೆ ಸೇರುವ ಬುಡ ನೋಡಿ. ಇದಕ್ಕೆ ಟ್ಯಾಂಗ್ ಎನ್ನುತ್ತಾರೆ. ಅಲ್ಲಿ 'ಶ್ರೇಡ್' ಜೊತೆಗೆ 'ಯು.ಎಸ್.ಎ.' ಎಂಬ ಮುದ್ರೆಯಿದ್ದರೆ ಹಳೆಯ ಕಾರ್ಖಾನೆಯದು. 'ಶ್ರೇಡ್ ವಾಲ್ಡನ್' ಎಂದಿದ್ದರೆ ಇನ್ನೂ ಹಿಂದಿನದು.

ಪೆನ್ಸಿಲ್ವೇನಿಯಾದ ಕೇಸ್ ಕಂಪನಿಯ ಚಾಕುಗಳಲ್ಲಿ ತಯಾರಾದ ವರ್ಷವನ್ನೇ ಓದಬಹುದು. 1970ರಲ್ಲಿ ಆ ಕಂಪನಿ ಮುದ್ರೆಯ ಕೆಳಗೆ ಹತ್ತು ಚುಕ್ಕಿ ಹಾಕಿತು. ಆಮೇಲೆ ವರ್ಷಕ್ಕೊಂದು ಚುಕ್ಕಿ ಕಳೆಯುತ್ತ ಬಂತು. 1979ಕ್ಕೆ ಉಳಿದದ್ದು ಒಂದೇ. 1980ರಲ್ಲಿ ಮತ್ತೆ ಹತ್ತರಿಂದ ಶುರು, ಆದರೆ ಈ ಸಲ ಹೆಸರಿನ 'ಎಸ್' ಅಕ್ಷರ ಮಿಂಚಿನ ಗೆರೆಯಂತೆ ಅಂಕುಡೊಂಕು. ನಾಲ್ಕು ಚುಕ್ಕಿ, ಮಾಮೂಲಿ 'ಎಸ್' ಇದ್ದರೆ 1976. ಅಂಕುಡೊಂಕು 'ಎಸ್' ಇದ್ದರೆ 1986. ಮಾದರಿ ಸಂಖ್ಯೆಗೂ ಅರ್ಥವಿದೆ. 6254 ಎಂದರೆ ಮೂಳೆಯ ಹಿಡಿ, ಎರಡು ಅಲಗು, 54ನೇ ವಿನ್ಯಾಸ. ಇಷ್ಟು ಅಚ್ಚುಕಟ್ಟಾದ ಲೆಕ್ಕ ಬೇರೆ ಕಂಪನಿಗಳಲ್ಲಿ ಅಪರೂಪ.

ಹಳೆಯದಾದಷ್ಟೂ ಬೆಲೆ ಜಾಸ್ತಿಯೇ? ಹಾಗೇನಿಲ್ಲ. ಸಾಣೆ ಹಿಡಿದು ಹಿಡಿದು ಅಲಗು ಸವೆದು ಕಿರಿದಾಗಿದ್ದರೆ ಬೆಲೆ ಇಳಿಯುತ್ತದೆ. ಅಲಗು ಅಲ್ಲಾಡಬಾರದು, ಮುಚ್ಚಿದಾಗ ಟಕ್ಕೆಂದು ಕೂರಬೇಕು. ಅಟ್ಟದಲ್ಲಿ ಸಿಕ್ಕ ಚಾಕುವನ್ನು ಫಳಫಳ ಹೊಳೆಯುವಂತೆ ಉಜ್ಜಿ ಮಾರಲು ಹೊರಡುವವರಿದ್ದಾರೆ. ದಯವಿಟ್ಟು ಬೇಡ. ಉಜ್ಜಿದರೆ ಮುದ್ರೆಯೂ ಮಾಸುತ್ತದೆ, ಕೊಳ್ಳುವವರೂ ಹಿಂದೆ ಸರಿಯುತ್ತಾರೆ.

ಇನ್ನು ದುಡ್ಡಿನ ಮಾತು. ಇ-ಬೇ ಜಾಲತಾಣದಲ್ಲಿ ಮಾರುವವರು ಹೇಳುವ ಬೆಲೆ ನಂಬಬೇಡಿ; ಬಾಯಿಗೆ ಬಂದಷ್ಟು ಹೇಳುತ್ತಾರೆ. 'ಸೋಲ್ಡ್ ಐಟಮ್ಸ್' ಎಂಬ ಆಯ್ಕೆ ಒತ್ತಿ. ನಿಜಕ್ಕೂ ಬಿಕರಿಯಾದ ದರ ಅಲ್ಲಿ ಕಾಣುತ್ತದೆ. ಬಳಸಿದ, ಅಮೆರಿಕದಲ್ಲೇ ತಯಾರಾದ ಸಾಧಾರಣ ಓಲ್ಡ್ ಟೈಮರ್ ಸಾಮಾನ್ಯವಾಗಿ 20ರಿಂದ 50 ಡಾಲರ್ ಒಳಗೆ ಹೋಗುತ್ತದೆ. ಬಳಸದೆ ಪೆಟ್ಟಿಗೆ ಸಮೇತ ಉಳಿದದ್ದಕ್ಕೆ ಹೆಚ್ಚು. ಮಾರುವವರು ಇ-ಬೇಗೆ ಸುಮಾರು ಶೇ. 13ರಷ್ಟು ಕಮಿಷನ್ ಬಿಟ್ಟುಕೊಡಬೇಕು. 40 ಡಾಲರಿಗೆ ಮಾರಿದರೆ ಐದಕ್ಕೂ ಹೆಚ್ಚು ಅಲ್ಲೇ ಹೋಯಿತು, ಅಂಚೆ ಖರ್ಚು ಬೇರೆ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದವರು ವಾರಾಂತ್ಯದ ಫ್ಲೀ ಮಾರ್ಕೆಟ್‌ಗಳಲ್ಲಿ, ಎಂದರೆ ಹಳೆ ಸಾಮಾನಿನ ಸಂತೆಗಳಲ್ಲಿ ಹುಡುಕಬಹುದು. ಚಾಕುವನ್ನು ಕೈಯಲ್ಲಿ ಹಿಡಿದು ನೋಡಲು ಅದೇ ಒಳ್ಳೆಯ ಜಾಗ. ವಾಪಸು ಬರುವಾಗ ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದ ತಪಾಸಣೆಯಲ್ಲೇ ಕಳೆದುಕೊಳ್ಳುತ್ತೀರಿ. ಚೆಕ್-ಇನ್ ಪೆಟ್ಟಿಗೆಗೆ ಹಾಕಿ. ಮನೆಯಲ್ಲಿ ಚರ್ಮದ ಚೀಲದೊಳಗೆ ಇಡಬೇಡಿ, ತುಕ್ಕು ಹಿಡಿಯುತ್ತದೆ, ಹಿತ್ತಾಳೆಯ ಭಾಗಗಳಿಗೆ ಕಿಲುಬು ಕಟ್ಟುತ್ತದೆ. ಹಳೆಯ ಸೆಲ್ಯುಲಾಯ್ಡ್ ಹಿಡಿಯ ಚಾಕುಗಳನ್ನಂತೂ ಬೇರೆಯೇ ಇಡಿ. ಆ ಪ್ಲಾಸ್ಟಿಕ್ ಕೆಡುವಾಗ ಹೊರಬರುವ ಆಮ್ಲದ ಹೊಗೆ ಪಕ್ಕದ ಚಾಕುಗಳಿಗೂ ತುಕ್ಕು ಹಿಡಿಸುತ್ತದೆ.